ಮಧ್ಯಾಹ್ನದ ನೆಂಟರು

ಬಾಗಲಕೋಟೆಯ ನವನಗರದಲ್ಲಿ ಮನೆ ಕಟ್ಟಿಸಬೇಡ ಎಂದು ನನ್ನ ತಂಗಿಯ ಗಂಡನಿಗೆ ಯಾರಾದರೂ ಮೊದಲೇ ಹೇಳಬೇಕಿತ್ತು. ಊರೇನೋ ಚೆನ್ನಾಗಿದೆ. ರಸ್ತೆಗಳು ಅಗಲವಾಗಿವೆ, ಬೇವಿನ ಗಿಡಗಳ ನೆರಳಿದೆ, ಸೆಕ್ಟರ್ ನಂಬರ್ ಹೇಳಿದರೆ ಆಟೋದವನು ಬಾಗಿಲಿಗೆ ತಂದು ಬಿಡುತ್ತಾನೆ. ತೊಂದರೆ ಏನೆಂದರೆ ಜಿಲ್ಲೆಯ ಕಚೇರಿಗಳೆಲ್ಲ ಇಲ್ಲಿಯೇ ಇವೆ. ಬಾದಾಮಿ, ಹುನಗುಂದ, ಇಳಕಲ್ಲಿನಲ್ಲಿರುವ ನಮ್ಮ ಬಳಗದವರಿಗೆ ಹೊಲದ ಸರ್ವೆಯೋ, ಪಿಂಚಣಿಯೋ, ಕೋರ್ಟಿನ ತಾರೀಖೋ ಒಂದಿಲ್ಲೊಂದು ಕೆಲಸ ಇದ್ದೇ ಇರುತ್ತದೆ. ಬೆಳಗಿನ ಬಸ್ಸಿಗೆ ಬಂದು ಕಚೇರಿಯ ಮುಂದೆ ನಿಲ್ಲುತ್ತಾರೆ. ಅಷ್ಟರಲ್ಲಿ ಸಾಹೇಬರು ಊಟಕ್ಕೆ ಹೋಗಿಬಿಡುತ್ತಾರೆ. ಸಾಹೇಬರು ಉಂಡು, ಕೈ ತೊಳೆದು, ಮರಳಿ ಬಂದು ಕೂರುವ ತನಕ ಆ ಬಿಸಿಲಿನಲ್ಲಿ ಎಲ್ಲಿರಬೇಕು? ಆಗ ಅವರಿಗೆ ನಮ್ಮ ಕೂಸಿನ ನೆನಪಾಗುತ್ತದೆ.

"ಹೆಂಗೂ ಇಲ್ಲಿಮಟಾ ಬಂದಿದ್ವಿ, ಕೂಸಿನ್ನ ನೋಡ್ಕೊಂಡು ಹೋಗೂಣಂತ ಬಂದ್ವಿ ನೋಡವಾ," ಎನ್ನುತ್ತ ಚಪ್ಪಲಿ ಬಿಡುತ್ತಾರೆ. ಕೈಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಬಾಳೆಹಣ್ಣು, ಇಲ್ಲವೇ ಬಿಸ್ಕೀಟಿನ ಪುಡಿಕೆ. ಬರಿಗೈಯಲ್ಲಿ ಬರುವಷ್ಟು ಸಣ್ಣವರು ನಮ್ಮ ಬಳಗದಲ್ಲಿ ಯಾರೂ ಇಲ್ಲ. ಬಂದವರು ಸೀದಾ ಕೂಸಿನ ಕೋಣೆಗೆ ಹೋಗುತ್ತಾರೆ. ಮಂಚದ ಸುತ್ತ ನಿಲ್ಲುತ್ತಾರೆ. ಶಿವಾ ಶಿವಾ ಎನ್ನುತ್ತಾರೆ. ಗಲ್ಲ ಹಿಂಡುತ್ತಾರೆ, ಹಣೆ ಮುಟ್ಟುತ್ತಾರೆ, ಬಸ್ಸಿನ ಕಂಬಿ ಹಿಡಿದ ಅದೇ ಕೈಯಿಂದ ಬಾಯಿಗೆ ಬಿಸ್ಕೀಟು ಇಡುತ್ತಾರೆ. "ಈಗೂ ಬರತಾವೇನು?" ಎಂದು ಕೇಳುತ್ತಾರೆ. ಫಿಟ್ಸ್ ಬರುತ್ತವೆಯೇ ಎಂದು ಅರ್ಥ. ಬರುತ್ತವೆ ಎಂದರೆ ಕಬ್ಬಿಣದ ಕೀಲಿ ಕೈಯಲ್ಲಿ ಹಿಡಿಸಿ ಎನ್ನುತ್ತಾರೆ, ಉಳ್ಳಾಗಡ್ಡಿ ಮೂಸಿಸಿ ಎನ್ನುತ್ತಾರೆ, ಅಲ್ಲೆಲ್ಲೋ ಗುಡೂರಿನ ಕಡೆ ಔಷಧಿ ಕೊಡುವ ಒಬ್ಬರಿದ್ದಾರೆ ಎನ್ನುತ್ತಾರೆ. ಇಷ್ಟು ಹೊತ್ತಿಗೆ ನನ್ನ ತಂಗಿ ಮಗಳನ್ನು ಬಿಟ್ಟು ಅಡುಗೆಮನೆಯಲ್ಲಿ ಉಪ್ಪಿಟ್ಟು ತಿರುವುತ್ತಿರುತ್ತಾಳೆ. ಚಹಾ ಕೊಡದೆ ಕಳಿಸುವಂತಿಲ್ಲ. ಬರೀ ಚಹಾ ಕೊಟ್ಟು ಕಳಿಸುವಂತಿಲ್ಲ. ಹೆಣ್ಣುಮಕ್ಕಳಿದ್ದರೆ ಕುಂಕುಮ ಹಚ್ಚದೆ ಕಳಿಸುವಂತಿಲ್ಲ. ಮಗುವಿಗೆ ಆಸರೆಯಾಗಲು ಬಂದವರಿಗೆ ಮಗುವಿನ ತಾಯಿ ಆಸರೆಯಾಗಬೇಕು.

ನಾನು ಆ ಕೂಸಿನ ದೊಡ್ಡವ್ವ. ಹುನಗುಂದದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು, ಮದುವೆಯಾಗದವಳು, ನಾಲಿಗೆ ನೆಟ್ಟಗಿಲ್ಲದವಳು. ಕೊನೆಯದು ಬಳಗದ ಅಭಿಪ್ರಾಯ. ಅದಕ್ಕೆ ನನ್ನ ತಕರಾರಿಲ್ಲ. ನಿವೃತ್ತಿಯಾದ ಮೇಲೆ ತಂಗಿಯ ಮನೆಗೆ ಬಂದು ಇದ್ದುಬಿಟ್ಟೆ. ತಂಗಿಯ ಗಂಡ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ಹಗಲು ಅವನಿರುವುದಿಲ್ಲ. ತಂಗಿ ಒಬ್ಬಳೇ ಸ್ನಾನಕ್ಕೆ ಹೋಗುವುದೂ ಕಷ್ಟವಿದ್ದ ಕಾಲ ಅದು. ಒಬ್ಬರ ಕಣ್ಣು ಮಗುವಿನ ಮೇಲೆ ಇರಲೇಬೇಕಿತ್ತು.

ಕೂಸಿಗೆ ಆರು ತಿಂಗಳಿದ್ದಾಗ ಜ್ವರ ಬಂದು, ಜ್ವರದಲ್ಲಿ ಮೊದಲ ಸಲ ಫಿಟ್ಸ್ ಬಂತು. ಸಣ್ಣ ಮಕ್ಕಳಿಗೆ ಹಾಗಾಗುತ್ತದೆ, ಹೆದರಬೇಡಿ ಎಂದರು. ನಾವು ಹೆದರಲಿಲ್ಲ. ಎರಡನೆಯದು ದೀಪಾವಳಿಯಲ್ಲಿ ಬಂತು. ಕಮತಗಿಯಲ್ಲಿ ನಮ್ಮವ್ವ ಮೊಮ್ಮಗಳಿಗೆ ಎಣ್ಣೆ ಹಚ್ಚಿ, ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು ಹಂಡೆಯ ಬಿಸಿನೀರು ಹಾಕುತ್ತಿದ್ದಳು. ನಮ್ಮನ್ನೆಲ್ಲ ಎರೆದು ಬೆಳೆಸಿದ ಕೈ. ಹಬ್ಬದ ದಿನ ನೀರು ಮೈಗೆ ಸುರುಸುರು ಎನ್ನುವಷ್ಟು ಬಿಸಿ ಇರದಿದ್ದರೆ ಅದನ್ನು ಅವಳು ಎರೆಯುವುದು ಎಂದೇ ಕರೆಯುತ್ತಿರಲಿಲ್ಲ. ನಾಲ್ಕು ತಂಬಿಗೆ ಹಾಕುವಷ್ಟರಲ್ಲಿ ಮಗುವಿನ ಎಡಗೈ ಎಡಗಾಲು ಅದುರತೊಡಗಿದವು. ನಿಲ್ಲಲಿಲ್ಲ. ಪಕ್ಕದ ಮನೆಯವರ ಜೀಪಿನಲ್ಲಿ ಬಾಗಲಕೋಟೆಯ ದವಾಖಾನೆ ಮುಟ್ಟುವವರೆಗೂ ನಿಲ್ಲಲಿಲ್ಲ.

ನಮ್ಮವ್ವ ಮುಂದಿನ ವರ್ಷ ತೀರಿಕೊಂಡಳು. ತೀರುವ ತನಕ "ನನ್ನ ಕೈಯಾಗ ಆತು, ನಾನ ಕೂಸಿನ್ನ ಹಾಳ ಮಾಡಿದೆ," ಎಂದು ಗೋಳಾಡಿದಳು. ಅವಳು ಹೋದ ಮೇಲೆ ಬೆಂಗಳೂರಿನ ದೊಡ್ಡ ಡಾಕ್ಟರೊಬ್ಬರು ರಕ್ತದ ಪರೀಕ್ಷೆ ಮಾಡಿಸಿ, ಇದು ಹುಟ್ಟಿನಿಂದಲೇ ಇರುವ ಅಪರೂಪದ ರೋಗ, ಜೀವಕಣದಲ್ಲೇ ಇರುವ ದೋಷ ಎಂದರು. ಬಿಸಿನೀರು, ಜ್ವರ, ಬಿಸಿಲಿನ ಝಳ ಇವೆಲ್ಲ ಫಿಟ್ಸ್ ಬರಲು ನೆಪ ಅಷ್ಟೆ, ಯಾರ ತಪ್ಪೂ ಅಲ್ಲ ಎಂದರು. ಆ ಒಂದು ಮಾತು ಅವ್ವ ಇದ್ದಾಗ ಯಾರಾದರೂ ಹೇಳಿದ್ದರೆ ಮುದುಕಿ ನೆಮ್ಮದಿಯಿಂದ ಕಣ್ಣು ಮುಚ್ಚುತ್ತಿದ್ದಳು. ನನಗೆ ಅದು ಇವತ್ತಿಗೂ ಹೊಟ್ಟೆಯಲ್ಲಿ ಉರಿಯುತ್ತದೆ.

ಅಲ್ಲಿಯವರೆಗೆ ಊರಿನ ಡಾಕ್ಟರು ಕೊಟ್ಟಿದ್ದ ಗುಳಿಗೆ ಉಳಿದ ಫಿಟ್ಸಿಗೆಲ್ಲ ಕೊಡುವಂಥದೇ. ಆದರೆ ಈ ರೋಗಕ್ಕೆ ಅದೇ ಗುಳಿಗೆ ಫಿಟ್ಸನ್ನು ಹೆಚ್ಚು ಮಾಡುತ್ತದಂತೆ. ಹೆಚ್ಚಾದಂತೆ ಗುಳಿಗೆಯನ್ನೂ ಹೆಚ್ಚಿಸುತ್ತ ಹೋಗಿದ್ದರು. ರೋಗವೇ ಅಪರೂಪದ್ದು, ಪಾಪ, ಅವರಿಗೂ ಗೊತ್ತಾಗಿರಲಿಕ್ಕಿಲ್ಲ, ನಾನು ಅವರನ್ನು ಬೈಯುವುದಿಲ್ಲ ಎಂದು ಎಲ್ಲರ ಮುಂದೆ ಹೇಳುತ್ತೇನೆ. ಒಳಗೊಳಗೆ ಬೈಯುತ್ತೇನೆ.

ರೋಗಕ್ಕೆ ಪರದೇಶದ ಹೆಸರಿದೆ. ಬಳಗದವರಿಗೆ ನಾನು ಅದನ್ನು ಬಿಡಿಸಿ ಹೇಳಿದ್ದೇನೆ. ತಲೆಯಾಡಿಸಿ ಕೇಳಿಸಿಕೊಂಡು, "ಅಂದ್ರ ಫಿಟ್ಸ್ ಅಲ್ಲನು?" ಎನ್ನುತ್ತಾರೆ. ಆಮೇಲೆ ತಪ್ಪದೆ ಇನ್ನೊಂದು ಪ್ರಶ್ನೆ ಬರುತ್ತದೆ. "ಯಾರ ಕಡಿಂದ ಬಂತು?" ಯಾರ ಕಡೆಯಿಂದಲೂ ಅಲ್ಲ. ತಂದೆತಾಯಿ ಇಬ್ಬರ ರಕ್ತದಲ್ಲಿಯೂ ಅದು ಇಲ್ಲ, ಮಗುವಿನಲ್ಲಿ ಹೊಸದಾಗಿ ಹುಟ್ಟಿದ್ದು ಎಂದು ಪರೀಕ್ಷೆಯೇ ಹೇಳಿದೆ. ಯಾರ ಕಡೆಯಿಂದಲೂ ಬರದ ರೋಗ ನಮ್ಮ ಬಳಗಕ್ಕೆ ರುಚಿಸುವುದಿಲ್ಲ.

ಇದರಲ್ಲಿ ಎಲ್ಲರಿಗಿಂತ ಮುಂದೆ ನಮ್ಮ ಸೋದರಮಾವ, ಅವ್ವನ ತಮ್ಮ. ಬಾದಾಮಿಯಲ್ಲಿದ್ದಾನೆ. ಮನುಷ್ಯ ಕೆಟ್ಟವನಲ್ಲ. ಹಣೆಯ ತುಂಬ ವಿಭೂತಿ, ಮೆತ್ತನೆಯ ಮಾತು, ಕರೆಯದಿದ್ದರೂ ಎಲ್ಲರ ಕಷ್ಟಕ್ಕೆ ಓಡಿ ಬರುವ ಕಾಲು. ನನ್ನ ತಂಗಿಯನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದು ಅವನಿಗೆ ಅವಳು ಹುಟ್ಟಿದಾಗಿನಿಂದ ಆಸೆ. ನಮ್ಮಲ್ಲಿ ಅದು ಆಸೆಯೂ ಅಲ್ಲ, ಹಕ್ಕು. ತಂಗಿ ಒಲ್ಲೆ ಎಂದಳು. ಬದುಕಿನಲ್ಲಿ ಅವಳು ಗಟ್ಟಿಯಾಗಿ ಒಲ್ಲೆ ಎಂದದ್ದು ಅದೊಂದಕ್ಕೇ. ಹೊರಗಿನ ಹುಡುಗನನ್ನು ಮದುವೆಯಾದಳು. ಮಾವ ಮದುವೆಗೆ ಬಂದ, ಉಂಡ, ಹರಸಿದ. ಆದರೆ ಈ ಕೂಸಿನ ಸುದ್ದಿ ಗೊತ್ತಾದಾಗ ಪಡಸಾಲೆಯಲ್ಲಿ ಕೂತು ನಿಧಾನವಾಗಿ ಅಂದ:

"ನಮ್ಮ ಮನಿಗೆ ಕೊಟ್ಟಿದ್ರ ಹಿಂಗ ಆಗ್ತಿದ್ದಿಲ್ಲೇನೋ. ಇರಲಿ ಬಿಡು, ಶಿವನ ಮನಸಿನ್ಯಾಗ ಏನಿತ್ತೋ."

ಹತ್ತಿರದ ಸಂಬಂಧದಲ್ಲಿ ಕೊಟ್ಟರೇ ಇಂಥ ಕೆಲವು ರೋಗಗಳು ಹೆಚ್ಚು ಎಂದು ನಾನು ಹೇಳಲು ಬಾಯಿ ತೆರೆದೆ. ತಂಗಿ ನನ್ನ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದಳು. ಅಂದಿನಿಂದ ಆ ಮಾವ ಹೇಳಿದ್ದಕ್ಕೆಲ್ಲ ಅವಳು ಹೂಂ ಎನ್ನುತ್ತಾಳೆ. ಒಮ್ಮೆ ಒಲ್ಲೆ ಎಂದು ಅವನ ಮುಖ ಸಣ್ಣದು ಮಾಡಿದವಳು ಇನ್ನೊಮ್ಮೆ ಹಾಗೆ ಮಾಡಲಾರಳು. ನಾನಾಗಿದ್ದರೆ ದಿನಕ್ಕೊಮ್ಮೆ ಮಾಡುತ್ತಿದ್ದೆ.

ಔಷಧಿ ಬದಲಾದ ಮೇಲೆ ಒಂದು ಒಳ್ಳೆಯ ಕಾಲ ಬಂತು. ಫಿಟ್ಸ್ ಪೂರಾ ನಿಲ್ಲಲಿಲ್ಲ, ಕಡಿಮೆಯಾದವು. ಕೂಸಿಗೆ ನಾಲ್ಕು ತುಂಬುವ ಹೊತ್ತಿಗೆ ಮಾತು ಬಂದವು. ಹಾಲು ಎಂದಳು, ಬಾ ಎಂದಳು. ಬೇವಿನ ಗಿಡದ ಮೇಲೆ ಕೂತ ಕಾಗೆಗೆ ಕೈ ಮಾಡಿ ಕಾಕಾ ಎಂದಳು. ಅವಳಿಗೆ ಎಲ್ಲಕ್ಕಿಂತ ಚೆಂದ ಬಂದದ್ದು ಬ್ಯಾಡ ಎಂಬ ಮಾತು. ಹುಬ್ಬು ಗಂಟು ಹಾಕಿ, ಅಂಗೈ ಮುಂದೆ ಚಾಚಿ, ಬ್ಯಾಡ ಎನ್ನುತ್ತಿದ್ದಳು. ಗುಳಿಗೆ ತಂದರೆ ಬ್ಯಾಡ, ಗಲ್ಲ ಹಿಂಡಲು ಬಂದರೆ ಬ್ಯಾಡ. ಆ ಮನೆಯಲ್ಲಿ ನನ್ನನ್ನು ಬಿಟ್ಟರೆ ಹಾಗೆ ಹೇಳಬಲ್ಲವಳು ಅವಳೊಬ್ಬಳೇ. ಅವಳ ಮೇಲೆ ನನಗೆ ಪ್ರಾಣ. ನಲವತ್ತು ಮಕ್ಕಳ ತರಗತಿಗಳನ್ನು ವರ್ಷಗಟ್ಟಲೆ ಹತೋಟಿಯಲ್ಲಿಟ್ಟವಳು ಇವಳ ಒಂದು ಮಾತಿಗೆ ಮೆತ್ತಗಾಗುತ್ತಿದ್ದೆ.

ಬೆಂಗಳೂರಿನ ಡಾಕ್ಟರು ನಮ್ಮನ್ನು ಕೂಡಿಸಿಕೊಂಡು ಹೇಳಿದ್ದರು. "ಇವಳಿಗೆ ಜ್ವರ ಬರದ ಹಾಗೆ ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ ಮೂಗಿಗೆ ಸ್ಪ್ರೇ ಹೊಡೆದು ಆಸ್ಪತ್ರೆಗೆ ಹೊರಡಿ. ತುಂಬ ಹೊತ್ತು ಫಿಟ್ಸ್ ನಿಲ್ಲದೇ ಹೋದರೆ ಕಲಿತದ್ದೆಲ್ಲ ಹೋಗಬಹುದು. ಜೀವಕ್ಕೂ ಅಪಾಯ." ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ನನಗೆ ಬೇರೆ ಕೆಲಸ ಉಳಿಯಲಿಲ್ಲ. ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ಕೂತೆ. ಕೆಮ್ಮಿದವರನ್ನು ಗೇಟಿನಿಂದಲೇ ಕಳಿಸಿದೆ. ಸೋಪಿನಿಂದ ಕೈ ತೊಳೆಯದವರನ್ನು ಕೋಣೆಗೆ ಬಿಡಲಿಲ್ಲ. ನನಗೆ ಆಗ ಎಷ್ಟು ಹೆಸರು ಬಂತೆಂದರೆ ಇಳಕಲ್ಲಿನಲ್ಲಿ ಕೂತವರಿಗೂ ಗೊತ್ತಾಯಿತು.

ಎಷ್ಟು ಜನರಿಗೆಂದು ಬಾಯಿಂದ ಹೇಳುವುದು ಎಂದು ಒಂದು ಬೋರ್ಡು ಬರೆದು ಬಾಗಿಲಿಗೆ ತೂಗುಹಾಕಿದೆ. ಕೆಮ್ಮು, ನೆಗಡಿ, ಜ್ವರ ಇದ್ದವರು ದಯವಿಟ್ಟು ಒಳಗೆ ಬರಬಾರದು, ಮಗುವಿಗೆ ಅಪಾಯ ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದೆ. ಬಂದವರು ಕನ್ನಡಕ ಏರಿಸಿ ಅದನ್ನು ಪೂರಾ ಓದಿ, ಮೂಗೇರಿಸುತ್ತಲೇ ಒಳಗೆ ಬಂದರು. ಹುನಗುಂದದ ಒಬ್ಬ ಅತ್ತೆಯನ್ನು ತಡೆದು, ಬೋರ್ಡು ಓದಲಿಲ್ಲವೇ ಎಂದು ಕೇಳಿದೆ. "ಓದಿದ್ನೆಲ್ಲವಾ. ಅದು ಹೊರಗಿನ ಮಂದಿಗೆ ಅಲ್ಲನು?" ಎಂದಳು. ಅವಳ ಮುಖದಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ತಾನು ಹೊರಗಿನವಳಾಗಬಹುದು ಎಂಬುದು ಅವಳ ಕಲ್ಪನೆಗೇ ನಿಲುಕದ ಮಾತು. ನಿಮಗೂ ಅದು ಅನ್ವಯಿಸುತ್ತದೆ ಎಂದೆ. ಅವಳು ಬಾಳೆಹಣ್ಣನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದಳು. ಸಂಜೆಯೊಳಗೆ ಹತ್ತು ಮನೆಗಳಿಂದ ಫೋನು ಬಂತು. ತಂಗಿಯ ಗಂಡ ಕಾಲೇಜಿನಿಂದ ಬಂದವನೇ ಬೋರ್ಡನ್ನು ಬಿಚ್ಚಿ ಅಟ್ಟದ ಮೇಲಿಟ್ಟ.

"ಅಕ್ಕಾರ, ನೀವು ಅನ್ನೂದು ಖರೆ ಐತ್ರಿ. ಆದ್ರ ಬಾಗಲಕ ಬೋರ್ಡ್ ಹಾಕಿದ್ರ ನಾಳೆ ನಮ್ಮ ಮನಿ ಹೊಸ್ತಿಲಾ ಯಾರು ತುಳೀತಾರ್ರಿ?"

"ತುಳೀಬ್ಯಾಡ್ರಿ ಅಂತನ ಹಾಕೇನಿ," ಎಂದೆ.

ವಿದ್ಯಾರ್ಥಿಗಳಿಗೆ ಕಾರ್ಯ ಕಾರಣ ಎಲ್ಲ ಕಲಿಸುವ ಮನುಷ್ಯ, ತನ್ನ ಬಾಗಿಲಲ್ಲಿ ನಿಂತ ನೆಂಟನಿಗೆ ಕೆಮ್ಮಿದೆಯೇ ಎಂದು ಕೇಳಲಾರ. ಇಂಥ ಓದನ್ನು ಏನು ಮಾಡಬೇಕು?

ಹೀಗೆ ಕಾವಲು ಕೂತವಳು ಒಂದು ದಿನ ನಾನೇ ಎದ್ದುಹೋದೆ. ನನ್ನ ಜೊತೆ ಶಾಲೆಯಲ್ಲಿದ್ದ ಟೀಚರೊಬ್ಬಳ ಗಂಡ ಇಳಕಲ್ಲಿನಲ್ಲಿ ತೀರಿಕೊಂಡಿದ್ದ. ಹೋಗಿ ಅವಳನ್ನು ಮಾತಾಡಿಸಿ ಬರದಿದ್ದರೆ ನಡೆಯುತ್ತಿರಲಿಲ್ಲ. ನೋಡಿ, ಇದರಲ್ಲಿ ನಾನೂ ಬೇರೆಯವಳಲ್ಲ. ಬಾಳೆಹಣ್ಣು ಹಿಡಿದುಕೊಂಡು ಹೋದೆ. ಆ ಹೆಣ್ಣುಮಗಳು ದುಃಖ ಬದಿಗಿಟ್ಟು ಎದ್ದು ನನಗೆ ಚಹಾ ಮಾಡಿಸಿದಳು. ಕುಡಿದೆ.

ಅದೇ ಮಧ್ಯಾಹ್ನ ನವನಗರದಲ್ಲಿ ಸರ್ವೆ ಆಫೀಸಿನ ಸಾಹೇಬರು ಊಟಕ್ಕೆ ಹೋದರು. ಬಾದಾಮಿಯ ಮಾವ ಸೊಸೆಯನ್ನು ಕರೆದುಕೊಂಡು ಮನೆಗೆ ಬಂದ. ಆ ಸೊಸೆ ಎಂದರೆ ನನ್ನ ತಂಗಿ ಒಲ್ಲೆ ಎಂದ ಹುಡುಗನ ಹೆಂಡತಿ. ಅವಳ ಕಂಕುಳಲ್ಲಿ ಎರಡು ವರ್ಷದ ಮಗ. ಮೂಗು ಸುರಿಯುತ್ತಿತ್ತು, ಕಣ್ಣು ಕೆಂಪಾಗಿದ್ದವು, ಗೂರಿ ಗೂರಿ ಕೆಮ್ಮುತ್ತಿದ್ದ. ಇದನ್ನೆಲ್ಲ ತಂಗಿಯೇ ನನಗೆ ಆಮೇಲೆ ಹೇಳಿದಳು. ಬಾಗಿಲಲ್ಲಿ ನಿಂತು ಅವಳು ಆ ಹುಡುಗನನ್ನು ನೋಡಿದಳು, ಮಾವನನ್ನು ನೋಡಿದಳು. ಸೊಸೆಗೂ ಏನೋ ಅನ್ನಿಸಿರಬೇಕು, "ಮಾಮಾರ, ನಾವು ಹೊರಗ ಕುಂಡ್ರತೇವ್ರಿ, ಇವಗ ನೆಗಡಿ ಐತಿ," ಎಂದಳಂತೆ. ಮಾವ ನಕ್ಕುಬಿಟ್ಟ.

"ಏ, ಅಕ್ಕ ತಮ್ಮ ಅದಾರ, ಕೂಡಿ ಆಡ್ಲಿ ತಗೋ. ಯಾಕವಾ, ಒಳಗ ಬರೂದು ಬ್ಯಾಡೇನು?"

ತಂಗಿ ನಾಲ್ಕು ವರ್ಷಗಳಿಂದ ಹೆದರುತ್ತಿದ್ದ ಪ್ರಶ್ನೆ ಅದು.

"ಹಂಗ್ಯಾಕ ಅಂತೀರಿ ಮಾಮಾ, ಬರ್ರಿ," ಎಂದಳು.

ಬಂದರು. ಮಕ್ಕಳಿಬ್ಬರೂ ಒಂದೇ ಚಾಪೆಯ ಮೇಲೆ ಆಡಿದವು. ನಮ್ಮ ಕೂಸಿಗೆ ಜೊತೆಗೆ ಆಡುವ ಮಕ್ಕಳು ಸಿಗುವುದೇ ಅಪರೂಪ. ಬಾ ಬಾ ಎಂದು ಕರೆದು ಕರೆದು ಅವನ ಕೈಗೆ ತನ್ನ ಆಟಿಕೆ ಕೊಟ್ಟಳಂತೆ. ಅವನು ಅದನ್ನು ಬಾಯಲ್ಲಿಟ್ಟು ಚೀಪಿ ಮರಳಿ ಕೊಟ್ಟ, ಇವಳೂ ಬಾಯಲ್ಲಿಟ್ಟಳು. ನಾನು ಸಂಜೆ ಬಂದಾಗ ತಂಗಿ ಆಟಿಕೆಗಳನ್ನೆಲ್ಲ ಬಿಸಿನೀರಿನಲ್ಲಿ ತೊಳೆಯುತ್ತ ಕೂತಿದ್ದಳು. ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು. ಬಾಯಿಗೆ ಬಂದಂತೆ ಬೈದೆ. ಅವಳು ತೊಳೆಯುತ್ತಲೇ ಇದ್ದಳು.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮೈ ಬೆಚ್ಚಗಾಯಿತು. ಜ್ವರದ ಔಷಧಿ ಹಾಕಿದೆವು, ಒದ್ದೆ ಬಟ್ಟೆಯಿಂದ ಒರೆಸಿದೆವು. ಊಟದ ಹೊತ್ತಿಗೆ ಜ್ವರ ಏರಿತು, ಎಡಗೈ ಅದುರಿತು, ಕಣ್ಣು ಒಂದೇ ಕಡೆಗೆ ತಿರುಗಿತು. ತಂಗಿ ಗಡಿಯಾರ ನೋಡುತ್ತಿದ್ದಳು, ನಾನು ಮಗುವನ್ನು ಮಗ್ಗುಲಿಗೆ ಹೊರಳಿಸಿ ಹಿಡಿದಿದ್ದೆ. ಐದು ನಿಮಿಷಕ್ಕೆ ಸ್ಪ್ರೇ ಹೊಡೆದೆವು. ನಿಲ್ಲಲಿಲ್ಲ. ಎದುರು ಮನೆಯವರ ಕಾರಿನಲ್ಲಿ ಹಾಕಿಕೊಂಡು ಹೊರಟೆವು. ದವಾಖಾನೆಯಲ್ಲಿ ಒಂದು ಸೂಜಿ ಹಾಕಿದರು, ಇನ್ನೊಂದು ಹಾಕಿದರು, ಮತ್ತೊಂದು ಹಾಕಿದರು. ನಿಂತಾಗ ಬಿಸಿಲು ಇಳಿದಿತ್ತು. ಆಮೇಲೆ ಉಸಿರಾಟದ ಮಷೀನಿಗೆ ಹಾಕಿ ನಮ್ಮನ್ನು ಹೊರಗೆ ಕಳಿಸಿದರು.

ಬದುಕಿದಳು. ಎಲ್ಲರೂ ಅದನ್ನೇ ಹೇಳುತ್ತಾರೆ, ಬದುಕಿದಳಲ್ಲ ಸಾಕು ಎಂದು. ನನಗೆ ಸಾಕಾಗಲಿಲ್ಲ. ಮನೆಗೆ ಕರೆತಂದಾಗ ಕುತ್ತಿಗೆ ನಿಲ್ಲುತ್ತಿರಲಿಲ್ಲ. ಕುತ್ತಿಗೆ ಮೆಲ್ಲಗೆ ನಿಂತಿತು. ಹಿಡಿದುಕೊಂಡರೆ ಕಾಲೂರಿ ನಿಂತಳು. ಮಾತು ಬರಲಿಲ್ಲ. ಹಾಲು ತೋರಿಸಿ ಕಾದೆವು, ಕಾಗೆ ತೋರಿಸಿ ಕಾದೆವು. ನಾನು ಬೇಕೆಂದೇ ಅವಳಿಗೆ ಸೇರದ ಔಷಧಿಯನ್ನು ಬಾಯಿಯ ಹತ್ತಿರ ಹಿಡಿದು ನಿಲ್ಲುತ್ತಿದ್ದೆ. ಹುಬ್ಬು ಗಂಟಿಕ್ಕಲಿ, ಕೈ ಚಾಚಲಿ, ಚಮಚ ತೂರಿ ಎಸೆಯಲಿ ಎಂದು ಬೇಡಿಕೊಳ್ಳುತ್ತಿದ್ದೆ. ಸುಮ್ಮನೆ ಬಾಯಿ ತೆರೆದು ನುಂಗುತ್ತಿದ್ದಳು. ನಾನು ಅತ್ತದ್ದು ಆಗಲೇ, ದವಾಖಾನೆಯಲ್ಲಿ ಅತ್ತಿರಲಿಲ್ಲ.

ಸುದ್ದಿ ಹರಡಿ ನೋಡಲು ಬರುವವರು ಮೊದಲಿಗಿಂತ ಹೆಚ್ಚಾದರು. ಮಾವನೂ ಬಂದ. ಆ ಸಲ ಅವನಿಗೆ ಕಚೇರಿಯ ಕೆಲಸವಿರಲಿಲ್ಲ, ಕೂಸಿಗೆಂದೇ ಬಂದಿದ್ದ. ಸೊಸೆಯೂ ಜೊತೆಗಿದ್ದಳು, ಮೊಮ್ಮಗನನ್ನು ಊರಲ್ಲಿ ಬಿಟ್ಟು ಬಂದಿದ್ದರು. ಮಂಚದ ಹತ್ತಿರ ಕೂತು, ಕೂಸಿನ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮುದುಕ ಬಿಕ್ಕಿ ಬಿಕ್ಕಿ ಅತ್ತ. ನಾಟಕವಲ್ಲ, ಖರೆ ಅಳು. ಅದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು. ಅಳುವವನನ್ನು ಬೈಯುವುದು ಹೇಗೆ?

ಅಡುಗೆಮನೆಗೆ ಹೋದರೆ ತಂಗಿ ಚಹಾಕ್ಕೆ ನೀರಿಟ್ಟಿದ್ದಳು. ಬಾಣಲೆಯಲ್ಲಿ ರವೆ ಹುರಿಯುತ್ತಿತ್ತು.

"ನಿನಗ ನಾಚಿಕಿ ಬರೂದಿಲ್ಲನು?" ಎಂದೆ. "ಕೂಸಿನ ಬಾಯಿ ಮುಚ್ಚಿಸಿ ಹ್ವಾದ ಮನಿಷಾಗ ಉಪ್ಪಿಟ್ಟು ಮಾಡ್ತಿ?"

ತಂಗಿ ಸೌಟು ಕೆಳಗಿಟ್ಟಳು. ಅವಳು ನನ್ನ ಮೇಲೆ ಎಂದೂ ದನಿ ಏರಿಸಿದವಳಲ್ಲ. ಅಂದೂ ಏರಿಸಲಿಲ್ಲ.

"ಅಕ್ಕಾ, ನಿನಗ ಅರವತ್ತು ದಾಟ್ಯಾವು. ನಾನೇನು ಗಟ್ಟಿ ಉಳಿಯಾಕಿನ? ನಾವು ಹ್ವಾದಮ್ಯಾಲ ಇಕಿನ್ನ ಯಾರು ಎತ್ತಿ ಕುಂಡ್ರಸ್ತಾರ? ಯಾರು ಗುಳಿಗಿ ಹಾಕ್ತಾರ? ಇಷ್ಟ ಮಂದಿ ಬಂದು ಹೋಗಿ ಮಾಡಿದ್ರ, ಅದರಾಗ ಒಬ್ಬರ ಕೈಯಾದ್ರೂ ಇಕಿ ಕಡಿ ಚಾಚೀತು ಅಂತ ಉಪ್ಪಿಟ್ಟು ಮಾಡ್ತೇನಿ. ನಿನ್ನಂಗ ಎಲ್ಲಾರ್ನೂ ಹೊಡದು ಹೊರಗ ಹಾಕಿದ್ರ ಕಡೀಕ ಯಾರು ಉಳೀತಾರ ಹೇಳು."

ಅವಳು ಹೂಂ ಎನ್ನುತ್ತಿದ್ದದ್ದು ಹೆದರಿಕೆಯಿಂದ, ದಾಕ್ಷಿಣ್ಯದಿಂದ, ಹಳೆಯ ಋಣದಿಂದ ಎಂದೆಲ್ಲ ತಿಳಿದಿದ್ದೆ. ಹೀಗೊಂದು ಲೆಕ್ಕವನ್ನು ಅವಳು ಒಳಗೆ ಇಟ್ಟುಕೊಂಡಿದ್ದಳೆಂದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನಾನು ಸುಮ್ಮನಿರಬೇಕಿತ್ತು. ನನ್ನ ಸ್ವಭಾವ ಸುಮ್ಮನಿರಲು ಬಿಡಲಿಲ್ಲ. ಚಹಾದ ತಟ್ಟೆ ಎತ್ತಿಕೊಂಡು ಹೊರಗೆ ಹೋಗಿ, ಮಾವನ ಕೈಗೆ ಕಪ್ಪು ಕೊಟ್ಟು ಕೇಳಿಯೇಬಿಟ್ಟೆ.

"ಮಾಮಾ, ಒಂದ ಮಾತ ಕೇಳ್ತೇನಿ. ನಾವಿಬ್ರೂ ಸತ್ತಮ್ಯಾಲ ಈ ಕೂಸಿನ್ನ ನಿಮ್ಮ ಮನ್ಯಾಗ ಇಟ್ಕೋತೀರೇನು?"

ಮಾವನ ಅಳು ನಿಂತಿತು. ಚಹಾದ ಕೆನೆಯನ್ನು ಊದಿ ಬದಿಗೆ ಸರಿಸಿದ. ಇನ್ನೊಮ್ಮೆ ಊದಿದ.

"ಯಾಕ ಹಂಗ ಕೆಟ್ಟ ಮಾತಾಡ್ತೀಯವಾ," ಎಂದ. "ಶಿವ ಅದಾನ. ಅವಾ ನೋಡ್ಕೋತಾನ."

ತಂಗಿ ಉಪ್ಪಿಟ್ಟಿನ ತಾಟುಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ನನ್ನ ಕಡೆ ನೋಡಿದ ನೋಟವನ್ನು ಬರೆಯುವ ಧೈರ್ಯ ನನಗಿಲ್ಲ. ತಾಟು ಕೊಟ್ಟು, "ತಗೋರಿ ಮಾಮಾ, ಆರತೈತಿ," ಎಂದಳು. ಮಾವ ಉಂಡ. ನಾನು ಖಾಲಿ ಕಪ್ಪುಗಳನ್ನು ತೊಳೆಯುವ ನೆಪದಲ್ಲಿ ಒಳಗೆ ಹೋದೆ.

ಅಡುಗೆಮನೆಯ ಕಿಡಕಿಯಿಂದ ಕೂಸಿನ ಕೋಣೆ ಕಾಣಿಸುತ್ತದೆ. ಮಾವ ಕೈ ತೊಳೆಯಲು ಹೊರಗೆ ಹೋದ ಮೇಲೆ ಸೊಸೆ ತಂಗಿಯ ಹತ್ತಿರ ಸರಿದು ಕೂತಳು. ನನ್ನ ಕಣ್ಣಿಗೆ ಅವಳು ರೋಗವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದವಳು, ಅಷ್ಟೇ. ಎಷ್ಟು ಹಗಲು ಮನಸ್ಸಿನಲ್ಲಿ ಅವಳಿಗೆ ಶಾಪ ಹಾಕಿದ್ದೆನೋ.

"ಯಕ್ಕಾ," ಎಂದಳು ಅವಳು, "ಬಂದಾಗ ಏನ್ ಮಾಡ್ಬೇಕಂತ ನನಗೂ ತೋರಸ್ರಿ. ಆ ಮೂಗಿಗಿ ಹೊಡಿಯೂದು ಹೆಂಗ?"

ತಂಗಿ ತಟ್ಟನೆ ಎದ್ದು ಖಾಲಿಯಾದ ಸ್ಪ್ರೇ ತಂದಳು, ಒಂದು ತಲೆದಿಂಬು ತಂದಳು. ದಿಂಬನ್ನೇ ಕೂಸು ಎಂದು ತಿಳಿ ಎಂದಳು. "ಮೊದಲ ಗಡಿಯಾರ ನೋಡು. ಆಮ್ಯಾಲ ಹಿಂಗ ಮಗ್ಗಲಾ ಮಾಡಿ ಮಲಗಸು. ಬಾಯಾಗ ಏನೂ ಇಡಬ್ಯಾಡ, ಕೈಯಾಗ ಕೀಲಿ ಗೀಲಿ ಕೊಡಬ್ಯಾಡ, ಒತ್ತಿ ಹಿಡೀಬ್ಯಾಡ." ಆ ಹುಡುಗಿ ದಿಂಬನ್ನು ಹೊರಳಿಸಿದಳು. ಸ್ಪ್ರೇ ತಲೆಕೆಳಗು ಹಿಡಿದಳು, ತಂಗಿ ಬೆರಳು ಹಿಡಿದು ತಿದ್ದಿದಳು. ಮತ್ತೆ ಮಾಡಿದಳು, ಸರಿಯಾಯಿತು. "ಇಷ್ಟಕ್ಕೂ ನಿಲ್ಲಲಿಲ್ಲಂದ್ರ..." ಎಂದು ತಂಗಿ ಮುಂದಿನದನ್ನು ಹೇಳತೊಡಗಿದ್ದಳು.

ಗೇಟಿನಿಂದ ಮಾವ ಕೂಗಿದ. "ಏಳವಾ, ಬಸ್ಸಿನ ಹೊತ್ತಾತು. ಇದು ಹ್ವಾದ್ರ ಮತ್ತ ಎಷ್ಟೊತ್ತಿಗೈತೋ."

ಅವಳು ಸ್ಪ್ರೇ ಕೆಳಗಿಟ್ಟು ಸೆರಗು ಸರಿಮಾಡಿಕೊಂಡು ಎದ್ದಳು. ಅರ್ಧವಷ್ಟೇ ಕಲಿತಿದ್ದಳು. ತಂಗಿ ಕುಂಕುಮದ ಬಟ್ಟಲು ತಂದು ಅವಳ ಹಣೆಗೆ ಹಚ್ಚಿದಳು.

"ಉಳದದ್ದು ಮುಂದಿನ ಸಲ ಬಂದಾಗ ಹೇಳ್ತೇನಿ. ಬಾ ಮತ್ತ."

"ಬರ್ತೇನ್ರಿ ಯಕ್ಕಾ."

ಇದಾಗಿ ಒಂದು ಬೇಸಿಗೆ ಕಳೆದು ಮಳೆಗಾಲವೂ ಮುಗಿಯುತ್ತ ಬಂತು. ಆ ಸೊಸೆಯನ್ನು ಫೋನು ಮಾಡಿ ಕರೆ ಎಂದು ತಂಗಿಗೆ ಹೇಳಿದೆ. ಅವಳು ಒಲ್ಲೆ ಎಂದಳು. ಕರೆದರೆ ಬರುವವಳು ಬೇಡವಂತೆ, ತಾನಾಗಿ ಬರಬೇಕಂತೆ. ನಾನೇ ಕರೆಯೋಣವೆಂದರೆ ಮಾವನ ಮನೆಗೆ ಫೋನು ಮಾಡುವಷ್ಟು ಮೋರೆ ನನಗೆ ಉಳಿದಿಲ್ಲ. ಕೇಳಿದ ಪ್ರಶ್ನೆ ಅಂಥದು. ಆ ಹುಡುಗಿಯ ಮೇಲಿನ ಸಿಟ್ಟೂ ಇನ್ನೂ ಪೂರಾ ಇಳಿದಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೂ ಮಧ್ಯಾಹ್ನ ಗೇಟಿನ ಸಪ್ಪಳವಾದರೆ ತಂಗಿಗಿಂತ ಮೊದಲು ನಾನೇ ಎದ್ದು ಹೋಗುತ್ತೇನೆ. ಹುನಗುಂದದವರು ಯಾರೋ ಇರುತ್ತಾರೆ, ಶಿರೂರಿನವರು ಯಾರೋ ಇರುತ್ತಾರೆ, ಕೈಯಲ್ಲಿ ಬಾಳೆಹಣ್ಣು ಇರುತ್ತದೆ. ಅವರ ಹಿಂದೆ ಇನ್ನೂ ಯಾರಾದರೂ ಬರುತ್ತಿದ್ದಾರೆಯೇ ಎಂದು ರಸ್ತೆಯ ತುದಿಯವರೆಗೆ ನೋಡುತ್ತೇನೆ. ಆಕೆ ಇನ್ನೂ ಬಂದಿಲ್ಲ.